ಗದ್ದಲವೆಂದು ತಳ್ಳುವ ಮುನ್ನ

ಮಳೆಗಾಲದಲ್ಲಿ ಗೋಕಾಕ ಜಲಪಾತದ ತೂಗುಸೇತುವೆಯ ಮೇಲೆ ನಿಂತವರಿಗೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಸುಮಾರು 52 ಮೀಟರ್ ಎತ್ತರದಿಂದ ಘಟಪ್ರಭೆಯು ಬಂಡೆಗಳ ಮೇಲೆ ಧುಮುಕುವಾಗ ಏಳುವ ಭೋರ್ಗರೆತದಲ್ಲಿ ನಮ್ಮ ಕಿವಿಯು ಗ್ರಹಿಸಬಲ್ಲ ಬಹುತೇಕ ಎಲ್ಲ ಕಂಪನಸಂಖ್ಯೆಗಳೂ ಏಕಕಾಲಕ್ಕೆ, ಯಾವ ಕ್ರಮವೂ ಇಲ್ಲದೆ ಬೆರೆತಿರುತ್ತವೆ. ಇಂಥ ಶಬ್ದವನ್ನು ಭೌತಶಾಸ್ತ್ರವು ಗದ್ದಲವೆನ್ನುತ್ತದೆ; ಕಂಪನಗಳು ಕ್ರಮವಾಗಿ ಮರುಕಳಿಸಿದರೆ ಅದು ನಾದವೆನಿಸುತ್ತದೆ. ಈ ವಿಂಗಡಣೆಯನ್ನು ನಾನು ಮೂವತ್ತು ವರ್ಷಗಳಿಗೂ ಮಿಗಿಲಾಗಿ ತರಗತಿಯಲ್ಲಿ ಬೋಧಿಸಿದೆನು. ಆದರೆ ಶಬ್ದದಲ್ಲಿ ಕ್ರಮವೇ ಇಲ್ಲದಿರುವುದು ಬೇರೆ, ಇದ್ದ ಕ್ರಮವು ಕೇಳುವವನಿಗೆ ಕಾಣದಿರುವುದು ಬೇರೆ ಎಂಬುದನ್ನು ನನಗೆ ಕಲಿಸಿಕೊಟ್ಟವನು ಒಬ್ಬ ವಿದ್ಯಾರ್ಥಿ.

ಆತನು ಮೂಡಲಗಿಯ ಹುಡುಗ. ನಾನು ಹುಕ್ಕೇರಿಯವನು. ಗೋಕಾಕದಲ್ಲಿ ನಮ್ಮಿಬ್ಬರ ಭೇಟಿ. ಒಂದು ಸಂಜೆ ಪಾಠ ಮುಗಿದ ಮೇಲೆ ಆತನು ಬಳಿಗೆ ಬಂದು, ‘ಸಾರ್, ಇದನ್ನು ಸ್ವಲ್ಪ ಕೇಳಿ ನೋಡಿರಿ’ ಎಂದು ತನ್ನ ಇಯರ್‌ಫೋನನ್ನು ಕೈಗಿತ್ತನು. ಬೆಂಗಳೂರಿನ ‘ಅಗಮ್’ ಎಂಬ ವಾದ್ಯವೃಂದವು 2012ರಲ್ಲಿ ಹೊರತಂದ ‘ದಿ ಇನ್ನರ್ ಸೆಲ್ಫ್ ಅವೇಕನ್ಸ್’ ಎಂಬ ಧ್ವನಿಮುದ್ರಿಕೆ ಅದು. ತ್ಯಾಗರಾಜರ ಹಂಸನಾದದ ಕೃತಿಯೊಂದು ಮೊಳಗುವ ಗಿಟಾರು, ಡ್ರಮ್ಮುಗಳ ನಡುವಿನಿಂದ ಕೇಳಿಬಂದಿತು. ಎರಡು ನಿಮಿಷವೂ ಆಗಿರಲಿಲ್ಲ. ನಾನು ಇಯರ್‌ಫೋನನ್ನು ತೆಗೆದು, ‘ಇದು ಗದ್ದಲ. ಇದರಲ್ಲಿ ಕಾಲ ಕಳೆಯಬೇಡ’ ಎಂದೆನು. ಹುಡುಗನು ಮಾತನಾಡದೆ ತಂತಿಯನ್ನು ಸುತ್ತಿಕೊಂಡು ಹೊರಟುಹೋದನು. ಆ ಬಳಿಕ ಅನೇಕ ತಿಂಗಳುಗಳ ಕಾಲ ತರಗತಿಯಲ್ಲಿ ಆತನು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದಕ್ಕೆ ಮೊದಲು ಎಲ್ಲರಿಗಿಂತ ಹೆಚ್ಚು ಕೇಳುತ್ತಿದ್ದವನು ಆತನೇ.

ಈ ಮೌನವು ನನ್ನನ್ನು ಚುಚ್ಚಿತು. ಬೇಸಗೆಯ ರಜೆಯಲ್ಲಿ ಹುಕ್ಕೇರಿಯ ಮನೆಯಲ್ಲಿ ಕುಳಿತು ಆ ಧ್ವನಿಮುದ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆನು. ಮೊದಲನೆಯ ಸಲ ದಣಿವಲ್ಲದೆ ಬೇರೇನೂ ದೊರೆಯಲಿಲ್ಲ. ಎರಡನೆಯ ಸಲ ಗದ್ದಲದ ನಡುವೆ ಕಂಠ ಹಾಗೂ ವಯಲಿನ್ನಿನ ಜಾಡು ಹಿಡಿಯಿತು. ಸ್ವಾತಿ ತಿರುನಾಳರ ಧನಶ್ರೀ ತಿಲ್ಲಾನವು ಬಂದಾಗ, ನಮ್ಮ ಕಡೆಯ ಕಿವಿಗೆ ಚಿರಪರಿಚಿತವಾದ ಭೀಮಪಲಾಸಿಯ ನೆರಳು ಕಂಡು ಕೌತುಕವಾಯಿತು. ಮೂರನೆಯ ಸಲ ನಾನು ಬೆರಳಿನಿಂದ ಮಾತ್ರೆಗಳನ್ನು ಎಣಿಸುತ್ತ ಕೇಳಿದೆನು. ಆಗ ತಿಳಿದುಬಂದದ್ದು ಇಷ್ಟೆ: ನಾನು ಗದ್ದಲವೆಂದು ಕರೆದದ್ದು ಸಂಗೀತದ ದೋಷವಾಗಿರಲಿಲ್ಲ, ಮುಂದೇನು ಬರುವುದೆಂದು ಊಹಿಸಲಾರದ ನನ್ನ ಕಿವಿಯ ಗೊಂದಲವಾಗಿತ್ತು.

ಈ ಬಗೆಯ ಸಂಗೀತಕ್ಕೆ ಪ್ರೋಗ್ರೆಸಿವ್ ರಾಕ್ ಎಂದು ಹೆಸರು. ನಮ್ಮ ಪ್ರಗತಿಶೀಲ ಸಾಹಿತ್ಯಕ್ಕೂ ಇದಕ್ಕೂ ಹೆಸರಿನ ಹೋಲಿಕೆಯ ಹೊರತು ನಂಟಿಲ್ಲ. ಮೂರು ನಿಮಿಷದ ಹಾಡು, ನಾಲ್ಕು ಮಾತ್ರೆಯ ನಡೆ, ಇವೇ ಸಾಮಾನ್ಯ ರಾಕ್ ಸಂಗೀತದ ಕಟ್ಟಳೆಗಳಾಗಿದ್ದವು. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ಕಲಾವಿದರು ಇವುಗಳನ್ನು ಮೀರಬಯಸಿದರು. ಕಿಂಗ್ ಕ್ರಿಮ್ಸನ್ ವೃಂದದ ಮೊದಲ ಧ್ವನಿಮುದ್ರಿಕೆಯು 1969ರಲ್ಲಿ ಬಂದಿತು. ದೀರ್ಘ ರಚನೆಗಳು, ನಡುನಡುವೆ ಬದಲಾಗುವ ಲಯ, ಶಾಸ್ತ್ರೀಯ ಸಂಗೀತದಿಂದ ಪಡೆದ ಕಟ್ಟು, ಇವು ಈ ಪಂಥದ ಲಕ್ಷಣಗಳು. ನಮ್ಮ ರಾಜ್ಯದಲ್ಲಿ ಅಗಮ್ ವೃಂದವು 2003ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡಿತು. ‘ಒಳಗು’ ಎಂಬ ಅರ್ಥದ ತಮಿಳು ಶಬ್ದವೇ ಅದರ ಹೆಸರು. ಹರೀಶ್ ಶಿವರಾಮಕೃಷ್ಣನ್ ಅದರ ಗಾಯಕರು, ವಯಲಿನ್ ವಾದಕರು ಸಹ. ಕರ್ನಾಟಕ ಸಂಗೀತದ ಕೃತಿಗಳನ್ನು ಈ ಹೊಸ ಕಟ್ಟಿನೊಳಗೆ ಇರಿಸುವುದು ಅವರ ಮಾರ್ಗ.

ಇಂಥ ಸಂಗೀತವನ್ನು ಮೊದಲ ಬಾರಿಗೆ ಕೇಳುವವನಿಗೆ ಮೂರು ತೊಡಕುಗಳು ಎದುರಾಗುತ್ತವೆ. ಈ ಮೂರನ್ನೂ ಬಿಡಿಸುವ ಸಾಧನಗಳು ನಮ್ಮ ಊರುಗಳಲ್ಲಿ, ನಿಮ್ಮ ಪಠ್ಯಪುಸ್ತಕಗಳಲ್ಲಿಯೇ ಇವೆ ಎಂಬುದು ನನ್ನ ಅಭಿಪ್ರಾಯ.

ಮೊದಲನೆಯ ತೊಡಕು ವಾದ್ಯದ ದನಿಯದು. ವಿದ್ಯುತ್ ಗಿಟಾರಿನ ಆ ಕರ್ಕಶ ಮೊಳಗು ಎಲ್ಲಿಂದ ಬರುತ್ತದೆ? 1887ರಲ್ಲಿ ಗೋಕಾಕ ಜಲಪಾತದ ನೀರಿನ ಬಲದಿಂದ ಇಲ್ಲಿಯ ಹತ್ತಿಯ ಗಿರಣಿಯ ಯಂತ್ರಗಳು ತಿರುಗತೊಡಗಿದವು. ಮುಂದೆ ಅದೇ ನೀರಿನಿಂದ ವಿದ್ಯುತ್ತನ್ನೂ ಪಡೆದರು. 1969ರಲ್ಲಿ ಸ್ಥಾಪಿತವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ಹಳ್ಳಿಗಳಿಗೆ ತಂತಿಯನ್ನೆಳೆದ ಕಾಲಕ್ಕೆ ನಾನು ಇನ್ನೂ ಹುಡುಗ. ಕಂಬದ ತಂತಿಯಲ್ಲಿ ಏನು ಹರಿಯುತ್ತದೆಂಬ ಕುತೂಹಲವೇ ನನ್ನನ್ನು ಭೌತಶಾಸ್ತ್ರಕ್ಕೆ ತಂದಿತು. ಅಯಸ್ಕಾಂತ ಹಾಗೂ ತಂತಿಯ ಸುರುಳಿ, ಇವುಗಳಲ್ಲಿ ಒಂದು ಇನ್ನೊಂದರ ಎದುರಿಗೆ ಚಲಿಸಿದರೆ ಸುರುಳಿಯಲ್ಲಿ ಪ್ರವಾಹ ಹುಟ್ಟುತ್ತದೆ. ಇದು 1831ರಲ್ಲಿ ಫ್ಯಾರಡೆ ಕಂಡ ತತ್ತ್ವ. ವಿದ್ಯುದಾಗಾರದ ಜನಕಯಂತ್ರವು ನಡೆಯುವುದು ಇದರಿಂದ. ಗಿಟಾರಿನ ತಂತಿಯ ಕೆಳಗಿರುವ ಪಿಕಪ್ ನಡೆಯುವುದೂ ಇದರಿಂದಲೇ. ಅಲ್ಲಿ ಅಯಸ್ಕಾಂತವು ಉಕ್ಕಿನ ತಂತಿಯನ್ನು ಕಾಂತಗೊಳಿಸಿರುತ್ತದೆ. ತಂತಿಯು ಸೆಕೆಂಡಿಗೆ 110 ಸಲ ಕಂಪಿಸಿದರೆ ಸುರುಳಿಯಲ್ಲಿಯೂ ಸೆಕೆಂಡಿಗೆ 110 ಸಲ ಹೊಯ್ದಾಡುವ ಪ್ರವಾಹ ಉಂಟಾಗುತ್ತದೆ.

ಈ ಕ್ಷೀಣ ಪ್ರವಾಹವನ್ನು ವರ್ಧಕವು ಹಿಗ್ಗಿಸುತ್ತದೆ. ವರ್ಧಕದ ಶಕ್ತಿಯನ್ನು ಮೀರಿ ಹಿಗ್ಗಿಸಿದರೆ ಅಲೆಗಳ ತಲೆಗಳು ಕತ್ತರಿಸಿದಂತೆ ಚಪ್ಪಟೆಯಾಗುತ್ತವೆ. ಚಪ್ಪಟೆಯಾದ ಅಲೆಯಲ್ಲಿ ಮೂಲಸ್ವರದ ಜೊತೆಗೆ ಹೇರಳವಾಗಿ ಉಪಸ್ವರಗಳು ಹುಟ್ಟುತ್ತವೆ. ಕಿವಿಗೆ ಒರಟಾಗಿ ತೋರುವುದು ಇವುಗಳ ಸಮೂಹ. ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಅವುಗಳ ಮೊತ್ತ ಹಾಗೂ ವ್ಯತ್ಯಾಸಗಳ ಕಂಪನಗಳೂ ಸೇರಿಕೊಳ್ಳುತ್ತವೆ. ಷಡ್ಜವು 100, ಪಂಚಮವು 150 ಎಂದಿಟ್ಟುಕೊಳ್ಳಿರಿ. ವ್ಯತ್ಯಾಸವು 50, ಎಂದರೆ ಮಂದ್ರದ ಷಡ್ಜ. ಮೊತ್ತವು 250, ಅದೂ 50ರ ಗುಣಕ. ಹೀಗೆ ಹುಟ್ಟುವುದೆಲ್ಲವೂ ಒಂದೇ ಷಡ್ಜದ ಪರಿವಾರವಾಗುತ್ತದೆ. ನಡುವೆ 125ರ ಗಾಂಧಾರವನ್ನು ತಂದರೆ 25, 225 ಮುಂತಾದವು ಸೇರಿ ಸ್ವರಗಳು ಒಂದನ್ನೊಂದು ತುಳಿದಾಡತೊಡಗುತ್ತವೆ. ಆದುದರಿಂದಲೇ ಇಂಥ ಮೊಳಗಿನಲ್ಲಿ ಗಿಟಾರುವಾದಕರು ಬಹುಮಟ್ಟಿಗೆ ಷಡ್ಜ-ಪಂಚಮಗಳ ಜೋಡಿಯನ್ನು ಆರಿಸಿಕೊಳ್ಳುತ್ತಾರೆ. ನಮ್ಮ ತಂಬೂರಿಯಲ್ಲಿ ಮೀಟುವುದೂ ಈ ಜೋಡಿಯನ್ನಲ್ಲವೆ? ಇಂದು ಹಾಡುವ ಹಂಸನಾದದಲ್ಲಿ ಗಾಂಧಾರವಿಲ್ಲ. ಗಾಂಧಾರವಿಲ್ಲದ ಈ ಜೋಡಿಯಿಂದ ಆ ರಾಗಕ್ಕೆ ಅಡ್ಡಿಯೂ ಇಲ್ಲ. ನಾನು ಅಪಚಾರವೆಂದು ಬಗೆದದ್ದು ಒರಟು ಬಟ್ಟೆಯುಟ್ಟ ತಂಬೂರಿಯಾಗಿತ್ತು.

ಎರಡನೆಯ ತೊಡಕು ಲಯದ್ದು. ನಾಲ್ಕಕ್ಕೆ ಹೆಜ್ಜೆ ಹಾಕಿ ರೂಢಿಯಾದವನಿಗೆ ಏಳು ಮಾತ್ರೆಯ ನಡೆ ಕುಂಟಿದಂತೆ ತೋರುತ್ತದೆ. 1973ರಲ್ಲಿ ಪಿಂಕ್ ಫ್ಲಾಯ್ಡ್ ವೃಂದವು ‘ಮನಿ’ ಎಂಬ ಹಾಡನ್ನು ಬಹುಪಾಲು ಏಳರ ನಡೆಯಲ್ಲಿ ರಚಿಸಿದಾಗ ಪಶ್ಚಿಮದ ಶ್ರೋತೃಗಳಿಗೆ ಅದೊಂದು ವಿಶೇಷವಾಗಿತ್ತು. ಆದರೆ ನೀವು ಈಗಲೇ ಮೇಜಿನ ಮೇಲೆ ಬೆರಳಿಟ್ಟು ‘ತಕಿಟ ತಕದಿಮಿ, ತಕಿಟ ತಕದಿಮಿ’ ಎಂದು ಹೇಳಿ ನೋಡಿರಿ. ಮೂರು, ನಾಲ್ಕು, ಒಟ್ಟು ಏಳು. ಹೀಗೆಯೇ ನಡೆಯುವ ಪದ್ಯವನ್ನು ನೀವು ಶಾಲೆಯಲ್ಲಿ ಕಂಠಪಾಠ ಮಾಡಿದ್ದೀರಿ: ಭಾಮಿನೀ ಷಟ್ಪದಿಯ ಸಾಲು ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಗಳ ಗಣಗಳಿಂದ ಕಟ್ಟಿದ್ದು. ಕುಮಾರವ್ಯಾಸನ ಭಾರತವೆಲ್ಲವೂ ಈ ಏಳರ ಮೇಲೆ ನಡೆಯುತ್ತದೆ. ತಬಲಾದ ರೂಪಕ ತಾಳಕ್ಕೂ ಏಳೇ ಮಾತ್ರೆ. ಕನ್ನಡಿಗನಿಗೆ ಏಳು ಪರಕೀಯವಲ್ಲ. ಗಿಟಾರಿನ ಮರೆಯಲ್ಲಿ ಆತನು ಅದರ ಗುರುತು ಹಿಡಿಯಲಾರನು, ಅಷ್ಟೆ.

ಇನ್ನೊಂದು ದೃಷ್ಟಾಂತವು ಇದಕ್ಕಿಂತಲೂ ಸ್ವಾರಸ್ಯಕರವಾದುದು. ಛಂದಸ್ಸಿನ ಪಾಠದಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಕಲಿತಿದ್ದೀರಿ. ಮೂರು ಮಾತ್ರೆಯ ಗಣವು 3 ಬಗೆಯಾಗಿ, ನಾಲ್ಕರದು 5 ಬಗೆಯಾಗಿ, ಐದರದು 8 ಬಗೆಯಾಗಿ ಬರಬಹುದು. ಪ್ರತಿಯೊಂದು ಸಂಖ್ಯೆಯೂ ಹಿಂದಿನ ಎರಡರ ಮೊತ್ತ. ಕಾರಣವು ಸುಲಭ: ಗಣದ ಕೊನೆಯ ಅಕ್ಷರವು ಲಘುವಾದರೆ ಉಳಿದ ಭಾಗದಲ್ಲಿ ಒಂದು ಮಾತ್ರೆ ಕಡಮೆ, ಗುರುವಾದರೆ ಎರಡು ಕಡಮೆ, ಆ ಎರಡು ಎಣಿಕೆಗಳನ್ನು ಕೂಡಿದರೆ ಉತ್ತರ ಬರುತ್ತದೆ. ಛಂದಶ್ಶಾಸ್ತ್ರಜ್ಞ ವಿರಹಾಂಕನೂ, ಅವನ ಬಳಿಕ 1150ರ ಸುಮಾರಿಗೆ ಗುಜರಾತದ ಹೇಮಚಂದ್ರನೂ ಈ ನಿಯಮವನ್ನು ಹೇಳಿದ್ದರು. ಪಿಸಾ ನಗರದ ಲಿಯೊನಾರ್ಡೊ, ಎಂದರೆ ಫಿಬೊನಾಚಿಯು 1202ರಲ್ಲಿ ಮೊಲಗಳ ಲೆಕ್ಕದಲ್ಲಿ ಇದೇ ಶ್ರೇಣಿಯನ್ನು ಬರೆದನು. ಅಮೆರಿಕದ ‘ಟೂಲ್’ ವೃಂದವು 2001ರಲ್ಲಿ ಹೊರತಂದ ‘ಲ್ಯಾಟರಾಲಸ್’ ಎಂಬ ಧ್ವನಿಮುದ್ರಿಕೆಯ ಮುಖ್ಯ ಗೀತೆಯಲ್ಲಿ ಗಾಯಕನ ನುಡಿಗಳ ಅಕ್ಷರಸಂಖ್ಯೆಯು 1, 1, 2, 3, 5, 8 ಎಂದು ಏರಿ ಮತ್ತೆ ಇಳಿಯುತ್ತದೆ. ಅದೇ ಗೀತೆಯ ಲಯವು 9, 8, 7 ಎಂದು ಬದಲಾಗುತ್ತದೆ. 987 ಎಂಬುದು ಆ ಶ್ರೇಣಿಯ ಹದಿನಾರನೆಯ ಸಂಖ್ಯೆ. ಹದಿನೈದು ಮಾತ್ರೆಗಳ ಒಂದು ಸಾಲನ್ನು ಲಘು-ಗುರುಗಳಿಂದ ಎಷ್ಟು ಬಗೆಯಾಗಿ ತುಂಬಬಹುದೆಂದು ಎಣಿಸಿದರೆ ದೊರೆಯುವ ಉತ್ತರವೂ 987. ಎಣಿಸಿ ನೋಡಿರಿ. ಕನ್ನಡದ ಪಾಠ, ಗಣಿತದ ಪಾಠ, ಸಾಗರದಾಚೆಯ ರಾಕ್ ಗೀತೆ, ಮೂರೂ ಒಂದೇ ಸಂಖ್ಯೆಯ ಬಳಿ ಸಂಧಿಸುತ್ತವೆ.

ಮೂರನೆಯ ತೊಡಕು ದೀರ್ಘತೆಯದು. ಹಾಡೆಂದರೆ ಮೂರು ನಿಮಿಷವೆಂಬ ಭಾವನೆಯು ಮನುಷ್ಯನ ಸ್ವಭಾವದಿಂದ ಹುಟ್ಟಿದ್ದಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮೊಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ಸುಮಾರು ಅಷ್ಟೇ. ಮಿರಜಿನಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರು ಬೈಠಕ್ಕಿನಲ್ಲಿ ವಿಸ್ತಾರವಾಗಿ ಬೆಳಸುತ್ತಿದ್ದ ರಾಗವನ್ನು ತಟ್ಟೆಗಾಗಿ ಆ ಚಿಕ್ಕ ಅವಧಿಗೆ ಇಳಿಸಬೇಕಾಯಿತು. 1948ರಲ್ಲಿ ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಗಿಲಾಗಿ ನುಡಿಯುವ ದೀರ್ಘವಾದನದ ತಟ್ಟೆ ಬಂದ ಮೇಲೆ ಕಟ್ಟು ಸಡಿಲಿತು. ಪ್ರೋಗ್ರೆಸಿವ್ ರಾಕ್ ಹುಟ್ಟಿದ್ದು ಈ ಅವಕಾಶದಲ್ಲಿ. ಇಂದು ಯಂತ್ರದ ಮಿತಿಯು ಇಲ್ಲವೆಂದೇ ಹೇಳಬಹುದು. ಆದರೂ ಬೆರಳಿನ ಒಂದು ಎಳೆತಕ್ಕೆ ಹಾಡನ್ನು ದಾಟಿಸುವ ಚಪಲದಿಂದ ನಮ್ಮ ಅವಧಾನವು ಕೆಲವು ಸೆಕೆಂಡುಗಳಿಗೆ ಕುಗ್ಗಿದೆ.

ಮೂಡಲಗಿ ಸೀಮೆಯ ಹಿರಿಯರನ್ನು ಕೇಳಿರಿ. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಸೆದುಕೊಂಡಿರುವ ಶ್ರೀಕೃಷ್ಣ ಪಾರಿಜಾತವು ರಾತ್ರಿಯಿಡೀ ನಡೆಯುವ ಆಟ. ಕೌಜಲಗಿ ನಿಂಗಮ್ಮನವರಂಥ ಕಲಾವಿದರ ಹಾಡು, ಮಾತುಗಳನ್ನು ಕೇಳಲು ಜನರು ಬುತ್ತಿ ಕಟ್ಟಿಕೊಂಡು ಬಂದು ಬೆಳಗಾಗುವವರೆಗೆ ಕುಳಿತಿರುತ್ತಿದ್ದರು. ಸತ್ಯಭಾಮೆಯ ಕೋಪವು ಒಂದೇ ಹಾಡಿನಲ್ಲಿ ಇಳಿದುಬಿಟ್ಟರೆ ಪಾರಿಜಾತದಲ್ಲಿ ಸ್ವಾರಸ್ಯವೇನು ಉಳಿಯುತ್ತದೆ? ಏರುತ್ತ, ತಗ್ಗುತ್ತ, ಬಿಟ್ಟುಹೋದ ಎಳೆಯನ್ನು ಬಹಳ ಹೊತ್ತಿನ ಬಳಿಕ ಮತ್ತೆ ಹಿಡಿಯುವ ಕಲೆಯು ದೀರ್ಘ ರಚನೆಗೆ ಮಾತ್ರ ಸಾಧ್ಯ. ಇಡೀ ಧ್ವನಿಮುದ್ರಿಕೆಯನ್ನು ಒಂದೇ ಕೃತಿಯೆಂದು ಕಟ್ಟುವವರು ಬಯಸುವುದೂ ಇದನ್ನೇ. ಅದರಿಂದ ಒಂದು ತುಣುಕನ್ನು ಕೇಳಿ ತೀರ್ಪು ಕೊಡುವುದು, ದೂತಿಯ ಒಂದು ಮಾತನ್ನು ಕೇಳಿ ಪಾರಿಜಾತವನ್ನು ನೋಡಿದೆನೆಂದು ಹೇಳಿದಂತೆ.

ಕಿವಿಯು ಹೊಸ ಲಯವನ್ನು ಏಕೆ ಒಪ್ಪುವುದಿಲ್ಲವೆಂಬುದನ್ನು ವಿಜ್ಞಾನಿಗಳು ಪ್ರಯೋಗದಿಂದ ಪರೀಕ್ಷಿಸಿದ್ದಾರೆ. 2005ರಲ್ಲಿ ಎರಿನ್ ಹ್ಯಾನನ್, ಸ್ಯಾಂಡ್ರಾ ಟ್ರೆಹಬ್ ಎಂಬವರು ಸರಳ ಲಯದ ಹಾಗೂ ಬಾಲ್ಕನ್ ದೇಶಗಳ ವಿಷಮ ಲಯದ ರಾಗಗಳನ್ನು ಕೇಳಿಸಿ, ನಡುವೆ ಲಯವನ್ನು ಕೆಡಿಸಿದರೆ ಯಾರು ಗುರುತಿಸುವರೆಂದು ನೋಡಿದರು. ಉತ್ತರ ಅಮೆರಿಕದ ವಯಸ್ಕರು ಸರಳ ಲಯದ ಕೇಡನ್ನು ಗುರುತಿಸಿದರು. ವಿಷಮ ಲಯದಲ್ಲಿ ಸೋತರು. ಬಾಲ್ಕನ್ ಸಂಗೀತದಲ್ಲಿ ಬೆಳೆದವರು ಎರಡನ್ನೂ ಗುರುತಿಸಿದರು. ಆಶ್ಚರ್ಯವೆಂದರೆ, ಅಮೆರಿಕದ ಆರು ತಿಂಗಳ ಹಸುಗೂಸುಗಳೂ ಎರಡಕ್ಕೂ ಸಮಾನವಾಗಿ ಸ್ಪಂದಿಸಿದವು! ಒಂದು ವರ್ಷ ತುಂಬುವ ವೇಳೆಗೆ ಮಕ್ಕಳಲ್ಲಿಯೂ ತಮ್ಮ ನಾಡಿನ ಲಯದ ಕಡೆಗೆ ಪಕ್ಷಪಾತ ಮೂಡಿತ್ತು. ಆದರೆ ಎರಡು ವಾರ ಮನೆಯಲ್ಲಿ ವಿಷಮ ಲಯವನ್ನು ಕೇಳಿಸಿದರೆ ಅದು ಅಳಿಯುತ್ತಿತ್ತು. ದೊಡ್ಡವರಿಗೆ ಅಷ್ಟೇ ಅಭ್ಯಾಸವು ಸಾಕಾಗಲಿಲ್ಲ. ಕಿವಿಯು ಹುಟ್ಟುವಾಗ ತೆರೆದಿರುತ್ತದೆ, ರೂಢಿಯು ಅದನ್ನು ಮುಚ್ಚುತ್ತದೆ, ವಯಸ್ಸಾದಷ್ಟೂ ತೆರೆಯಲು ಹೆಚ್ಚು ಶ್ರಮ ಬೇಕಾಗುತ್ತದೆ ಎಂಬುದೇ ನಾನು ಇದರಿಂದ ಗ್ರಹಿಸುವ ಅರ್ಥ. ಆ ಸಂಜೆ ಮುಚ್ಚಿದ್ದ ಕಿವಿಯು ಗುರುವಿನದು, ತೆರೆದಿದ್ದದ್ದು ಶಿಷ್ಯನದು.

ಇಲ್ಲಿ ಒಂದು ಆಕ್ಷೇಪವುಂಟು. ಮತ್ತೆ ಮತ್ತೆ ಕಂಡುಕೇಳಿದ ವಸ್ತುವು ತಾನಾಗಿಯೇ ಪ್ರಿಯವಾಗುತ್ತದೆಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯನ್ಸ್ 1968ರಲ್ಲಿಯೇ ತೋರಿಸಿದ್ದಾರೆ. ಹಾಗಾದರೆ ಮೂರು ಸಲ ಕೇಳಿ ಮೆಚ್ಚಿದ್ದು ವಿವೇಚನೆಯೋ, ಬರಿಯ ಅಭ್ಯಾಸಬಲವೋ? ಪ್ರಶ್ನೆಯು ನ್ಯಾಯವಾದುದೇ. ನಾನು ಇದಕ್ಕೆ ಒಂದು ಒರೆಗಲ್ಲನ್ನು ಇಟ್ಟುಕೊಂಡಿದ್ದೇನೆ. ಪ್ರತಿ ಸಲವೂ ಹಿಂದೆ ಕೇಳಿಸದಿದ್ದ ಏನಾದರೊಂದು ಕೇಳಿಸಿತೆ? ಅದನ್ನು ಬೆರಳಿಟ್ಟು ಇನ್ನೊಬ್ಬರಿಗೆ ತೋರಿಸಬಲ್ಲೆನೆ? ತೋರಿಸಬಲ್ಲೆನಾದರೆ ಅದು ತಿಳಿವಳಿಕೆ. ಮೆಚ್ಚುಗೆ ಮಾತ್ರ ಬೆಳೆದು, ತೋರಿಸಲು ಏನೂ ಇಲ್ಲದಿದ್ದರೆ ಅದು ರೂಢಿ. ಈ ಒರೆಗಲ್ಲಿನಲ್ಲಿ ಉಜ್ಜಿದಾಗ ಅನೇಕ ಪ್ರಸಿದ್ಧ ಧ್ವನಿಮುದ್ರಿಕೆಗಳು ಬಣ್ಣಗೆಡುವುದೂ ಉಂಟು. ವಿಷಮ ಲಯವಿದ್ದ ಮಾತ್ರಕ್ಕೆ ಸಂಗೀತವು ಉತ್ತಮವಾಗುವುದಿಲ್ಲ. ಜಟಿಲತೆಯನ್ನು ಪಾಂಡಿತ್ಯವೆಂದು ಮೆರೆಯುವವರು ಎಲ್ಲ ಕಡೆಯಲ್ಲಿಯೂ ಇದ್ದಾರೆ.

ಹೊಸದನ್ನು ಕೇಳುವವನು ತನ್ನದನ್ನು ಮರೆಯುವನೆಂಬ ಭಯವೂ ಕೆಲವರಿಗುಂಟು. ನನ್ನ ಅನುಭವವು ಇದಕ್ಕೆ ವಿರುದ್ಧವಾಗಿದೆ. ಆ ಧ್ವನಿಮುದ್ರಿಕೆಯನ್ನು ಕೇಳಿದ ಮೇಲೆಯೇ ನಾನು ಭಾಮಿನಿಯ ಏಳನ್ನು ಮತ್ತೆ ಬಾಯಿಬಿಟ್ಟು ಹೇಳಿದ್ದು, ಎಷ್ಟೋ ವರ್ಷಗಳ ಬಳಿಕ ಪಾರಿಜಾತದ ಆಟಕ್ಕೆ ಹೋಗಿ ಬೆಳಗಿನವರೆಗೆ ಕುಳಿತದ್ದು. ಪಾರಿಜಾತಕ್ಕೆ ನಿಜವಾದ ವೈರಿಯು ರಾಕ್ ಸಂಗೀತವಲ್ಲ. ಎರಡು ನಿಮಿಷಕ್ಕೆ ಎದ್ದುಹೋಗುವ ಅಸಹನೆ. ಅದು ಎರಡನ್ನೂ ಒಟ್ಟಿಗೆ ಕೊಲ್ಲುತ್ತದೆ.

ರಜೆ ಮುಗಿದ ಮೊದಲ ದಿನ ನಾನು ತರಗತಿಯಲ್ಲಿ, ‘ಹಿಂದೆ ಒಂದು ವಿಷಯದಲ್ಲಿ ಪೂರ್ಣ ಪರೀಕ್ಷಿಸದೆ ತೀರ್ಪು ಕೊಟ್ಟೆನು, ಅದು ತಪ್ಪಾಗಿತ್ತು’ ಎಂದು ಹೇಳಿದೆನು. ಯಾವ ವಿಷಯವೆಂದು ಒಬ್ಬನಿಗೆ ಮಾತ್ರ ತಿಳಿಯಿತು. ಆತನು ಅಂದು ಏನೂ ಹೇಳಲಿಲ್ಲ. ಮರುದಿನ ಪಾಠದ ನಡುವೆ ಕೈಯೆತ್ತಿ, ‘ಸಾರ್, ಗಿಟಾರಿನವರು ಮೊಳಗು ಹೆಚ್ಚಿಸಿದಾಗ ಎರಡೇ ಸ್ವರ ಯಾಕೆ ಹಿಡಿಯುತ್ತಾರೆ?’ ಎಂದು ಕೇಳಿದನು. ಉತ್ತರವು ನನಗೆ ತಿಳಿದಿರಲಿಲ್ಲ. ಮೇಲೆ ಬರೆದ 100, 150ರ ಲೆಕ್ಕವನ್ನು ನಾವಿಬ್ಬರೂ ಸೇರಿ ಕಪ್ಪುಹಲಗೆಯ ಮೇಲೆ ಮಾಡಿದ್ದು ಆ ದಿನ.

ವಿದ್ಯಾರ್ಥಿಮಿತ್ರರೇ, ಪ್ರಯೋಗಶಾಲೆಯಲ್ಲಿ ಒಂದೇ ಅಳತೆಯನ್ನು ನಂಬಬಾರದೆಂದು ನಿಮಗೆ ಕಲಿಸುತ್ತಾರೆ. ಮೂರು ಸಲ ಅಳೆದು ಸರಾಸರಿ ತೆಗೆಯುತ್ತೀರಿ. ಕಿವಿಗೂ ಈ ಮರ್ಯಾದೆಯನ್ನು ಕೊಡಿರಿ. ಹೊಸ ಧ್ವನಿಮುದ್ರಿಕೆಯೊಂದು ಕೈಗೆ ಬಂದರೆ ಒಂದು ಸಲ ಸುಮ್ಮನೆ, ಒಂದು ಸಲ ಒಂದೇ ವಾದ್ಯವನ್ನು ಹಿಂಬಾಲಿಸಿ, ಒಂದು ಸಲ ಮಾತ್ರೆಗಳನ್ನೆಣಿಸುತ್ತ, ಆದಿಯಿಂದ ಅಂತ್ಯದವರೆಗೆ ಕೇಳಿರಿ. ದನಿಯನ್ನು ಮಿತವಾಗಿ ಇಟ್ಟುಕೊಳ್ಳಿರಿ. 80 ಡೆಸಿಬೆಲ್ಲಿನ ದನಿಯನ್ನು ವಾರಕ್ಕೆ 40 ಗಂಟೆಗಳಿಗಿಂತ ಹೆಚ್ಚು ಕೇಳಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಅಷ್ಟಾದ ಮೇಲೂ ಬೇಡವೆನಿಸಿದರೆ ಧಾರಾಳವಾಗಿ ಬಿಟ್ಟುಬಿಡಿರಿ. ಆ ನಿರಾಕರಣೆಗೆ ಬೆಲೆಯುಂಟು. ನನ್ನ ವಯಸ್ಸಿನವರಲ್ಲಿ ಒಂದು ಮಾತು: ಮಕ್ಕಳು ಇಯರ್‌ಫೋನನ್ನು ನಿಮ್ಮ ಕೈಗೆ ಕೊಟ್ಟರೆ ಹಾಡು ಮುಗಿಯುವ ತನಕವಾದರೂ ಅದನ್ನು ತೆಗೆಯಬೇಡಿರಿ. ಅವರು ಮತ್ತೊಮ್ಮೆ ಕೊಡುವರೆಂಬ ಭರವಸೆಯಿಲ್ಲ.